23 ಮೀಟರ್ ಉದ್ದದ ಲಿಸ್ಬನ್, ಅಮ್ಮನ ಒಂದು ಟೈಲ್

ಲಿಸ್ಬನ್‌ಗೆ ಬಂದ ಮರುದಿನವೇ ಅಮ್ಮ ಅಲ್ಫಾಮದ ಒಂದು ಓಣಿಯಲ್ಲಿ ಯಾರದ್ದೋ ಮನೆ ಗೋಡೆಯ ಟೈಲ್ಸ್‌ಗೆ ಬೆರಳಿನ ಗಂಟಿನಿಂದ ಎರಡು ಸಲ ಕುಟ್ಟಿ, ಕಿವಿ ಹತ್ರ ತಗೊಂಡುಹೋಗಿ, "ಇದು ಹಿಂದಿಂದ ಬಿಟ್ಟಿದೆ, ಶಬ್ದ ಕೇಳು, ಬರುವ ಮಳೆಗೆ ಬೀಳ್ತದೆ" ಅಂದ್ರು. ತಮ್ಮ ಗಾಬರಿಯಾಗಿ ಆಚೆ ಈಚೆ ನೋಡಿದ, ಪುಣ್ಯಕ್ಕೆ ಯಾರೂ ಇರಲಿಲ್ಲ. ನನಗೆ ಮಾತ್ರ ಆ ಕುಟ್ಟುವಿಕೆ ಚಿಕ್ಕಂದಿನಿಂದ ಗೊತ್ತು. ಅಮ್ಮ ಮದುವೆಗೆ ಮೊದಲು ಆರು ವರ್ಷ ನೇತ್ರಾವತಿ ದಡದ ಒಂದು ಹಂಚಿನ ಫ್ಯಾಕ್ಟರಿಯಲ್ಲಿ ದುಡಿದವರು, ಭಟ್ಟಿಯಿಂದ ಇಳಿದ ಹಂಚನ್ನು ಕುಟ್ಟಿ ನೋಡಿ ಒಡಕು ಬೇರೆ ಗಟ್ಟಿ ಬೇರೆ ಮಾಡುವುದು ಅವರ ಕೆಲಸ. ಈಗಲೂ ಮಣ್ಣಿನ ಮಡಕೆ ಕೊಳ್ಳುವಾಗ, ಚಹಾ ಕಪ್ ಕೊಳ್ಳುವಾಗ, ಎಲ್ಲಿ ಹೋದರೂ ಮೊದಲು ಕುಟ್ಟುವುದೇ.

ತಮ್ಮ ಅಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು, 2022ರ ಅಕ್ಟೋಬರಲ್ಲಿ ನಮ್ಮಿಬ್ಬರನ್ನು ಕರೆಸಿಕೊಂಡ. ಆ ಊರಲ್ಲಿ ಎಲ್ಲಿ ನೋಡಿದ್ರೂ ಟೈಲ್ಸ್ ಮಾರಾಯ್ರೇ. ಚರ್ಚು, ಮನೆ, ಬೇಕರಿ, ಮೆಟ್ರೋ ಸ್ಟೇಷನ್ನು, ಒಳಗೆ ಹೊರಗೆ ಎಲ್ಲ ಕಡೆ. ಅಝುಲೇಜು ಅಂತಾರೆ. ನೀಲಿ ಬಣ್ಣಕ್ಕೆ ಪೋರ್ಚುಗೀಸಲ್ಲಿ ಅಝುಲ್ ಅಂತಿರೋದ್ರಿಂದ ಆ ಹೆಸರು ಅಂತ ನಾನು ಅಂದ್ಕೊಂಡಿದ್ದೆ, ತಮ್ಮ ಸರಿ ಮಾಡಿದ, ಅದು ಅರಬ್ಬೀ ಭಾಷೆಯಿಂದ ಬಂದ ಪದ ಅಂತೆ, ನಯ ಮಾಡಿದ ಸಣ್ಣ ಕಲ್ಲು ಅಂತ ಅರ್ಥ. ಓರಿಯೆಂತೆ ಮೆಟ್ರೋ ಸ್ಟೇಷನ್ನಲ್ಲಿ ನಮ್ಮ ಸೈಯದ್ ಹೈದರ್ ರಝಾ ಅವರ ಡಿಸೈನಿನ ಟೈಲ್ಸ್ ಗೋಡೆ ಇದೆ, 1998ರ ಎಕ್ಸ್‌ಪೋಗೆ ಬೇರೆ ಬೇರೆ ದೇಶದ ಕಲಾವಿದರ ಹತ್ರ ಮಾಡಿಸಿದ್ದರಲ್ಲಿ ಅದೂ ಒಂದು, ಏರ್‌ಪೋರ್ಟಿಂದ ಬರುವಾಗಲೇ ತಮ್ಮ ಅದನ್ನು ತೋರಿಸಿದ್ದ. ಆದ್ರೆ ನಾನು ಬರೀಬೇಕು ಅಂತ ಕೂತದ್ದು ಶನಿವಾರದ ಬಗ್ಗೆ.

ಶನಿವಾರ ಬೆಳಿಗ್ಗೆ ಮೊದಲು ಸಾಂತಾ ಲುಝಿಯಾಗೆ ಹೋದ್ವಿ. ಗುಡ್ಡದ ಮೇಲೆ ಒಂದು ಚರ್ಚು, ಅದರ ಪಕ್ಕ ಕಟ್ಟೆ, ಕಟ್ಟೆಯಲ್ಲಿ ನಿಂತ್ರೆ ಕೆಳಗೆ ಕೆಂಪು ಹಂಚಿನ ಮಾಡುಗಳು, ಆಮೇಲೆ ತೇಜು ನದಿ. ನದಿ ಅಂದ್ರೆ ನಂಬುದು ಕಷ್ಟ, ಸಮುದ್ರಕ್ಕೆ ಸೇರುವ ಮೊದಲು ಅಷ್ಟು ಅಗಲ ಆಗ್ತದೆ. ಅಮ್ಮ ಮಾಡು ನೋಡ್ತಾ ನಿಂತ್ರು, ನಮ್ಮ ಮಂಗಳೂರು ಹಂಚಿನ ಹಾಗೆ ಚಪ್ಪಟೆ ಅಲ್ಲ ಇದು, ಅರ್ಧ ಕೊಳವೆಯ ಹಾಗೆ ಬಾಗಿದ ನಾಡಹಂಚು. ಚರ್ಚಿನ ಹೊರಗೋಡೆಯಲ್ಲಿ ನೀಲಿ-ಬಿಳಿ ಟೈಲ್ಸಿನ ಒಂದು ದೊಡ್ಡ ಚಿತ್ರ ಉಂಟು, 1755ರ ದೊಡ್ಡ ಭೂಕಂಪಕ್ಕೆ ಮೊದಲು ಬಂದರಿನ ಎದುರಿನ ಚೌಕ ಹೇಗಿತ್ತು ಅಂತ. ತಮ್ಮ ಹೇಳಿದ, "ಅಕ್ಕ, ಇದು ಆಮೇಲೆ ಬಿಡಿಸಿದ್ದು, ಆ ಭೂಕಂಪಕ್ಕೆ ಮೊದಲೇ ಬಿಡಿಸಿದ್ದು ಒಂದುಂಟು, ಮಧ್ಯಾಹ್ನ ತೋರಿಸ್ತೇನೆ."

ಅಲ್ಲಿಂದ ಫೈರಾ ದ ಲಾದ್ರ ಅನ್ನುವ ಸಂತೆ. ಮಂಗಳವಾರ ಶನಿವಾರ ನಡೀತದೆ, ನೆಲದ ಮೇಲೆ ಬಟ್ಟೆ ಹಾಸಿ ಹಳೇ ಸಾಮಾನು ಮಾರ್ತಾರೆ. ಅದರಲ್ಲಿ ಬಿಡಿ ಬಿಡಿ ಹಳೇ ಟೈಲ್ಸೂ ಇತ್ತು, ಹಿಂದೆ ಗಾರೆ ಇನ್ನೂ ಅಂಟಿಕೊಂಡಿತ್ತು. ನನಗೆ ಒಂದು ತಗೊಳ್ಳುವ ಅಂತ ಆಸೆ ಆಯ್ತು, ತಮ್ಮ ಬೇಡ ಅಂದ. ಖಾಲಿ ಬಿದ್ದ ಮನೆಗಳ ಗೋಡೆಯಿಂದ ಕಿತ್ತು ತಂದದ್ದೂ ಮಾರಾಟಕ್ಕೆ ಬರ್ತದಂತೆ, ಯಾವುದು ಕದ್ದದ್ದು ಯಾವುದು ಅಲ್ಲ ಅಂತ ನಮಗೆ ಗೊತ್ತಾಗುದಿಲ್ಲ. ಈ ಕಳ್ಳತನ ನಿಲ್ಲಿಸ್ಲಿಕ್ಕೆ 2007ರಿಂದ ಅಲ್ಲಿಯ ಪೊಲೀಸ್ ಮ್ಯೂಸಿಯಮ್ಮಿನವರು ಎಸ್‌ಒಎಸ್ ಅಝುಲೇಜು ಅಂತ ಒಂದು ಕೆಲಸ ಶುರುಮಾಡಿದ್ದಾರೆ, 2017ರಿಂದ ಟೈಲ್ಸ್ ಹಾಕಿದ ಮುಂಗೋಡೆ ಕೆಡವ್ಲಿಕ್ಕೆ ಕಾನೂನಿನ ತಡೆಯೂ ಉಂಟು. ನಾನು ಕೈಲಿದ್ದದ್ದನ್ನು ವಾಪಸ್ ಇಟ್ಟೆ. ಅದರಲ್ಲಿ ಯಾವುದೋ ಹಡಗಿನ ಹಗ್ಗದ ಒಂದು ತುಂಡು ಮಾತ್ರ ಇತ್ತು, ಹಡಗಿನ ಉಳಿದ ಭಾಗ ಎಲ್ಲೋ ಏನೋ ಅಂತ ತುಂಬಾ ಹೊತ್ತು ಮನಸ್ಸಲ್ಲೇ ಇತ್ತು.

ಮಧ್ಯಾಹ್ನ ಬಸ್ಸಲ್ಲಿ ಶಬ್ರೇಗಸ್ ಕಡೆ ಹೋದ್ವಿ, ಟೈಲ್ಸ್ ಮ್ಯೂಸಿಯಂ ಅಲ್ಲೇ ಇರೋದು. ಮೊದಲು ಅದು ಮಾದ್ರೆ ದ ದೇವುಶ್ ಅನ್ನುವ ಕಾನ್ವೆಂಟು, 1509ರಲ್ಲಿ ರಾಣಿ ಲಿಯೊನೋರ್ ಕಟ್ಟಿಸಿದ್ದು. ಮೊದಲು ಊಟ. ಅಲ್ಲಿಯ ಕ್ಯಾಂಟೀನಿನ ಗೋಡೆಯಲ್ಲಿ ಹಳೇ ಅಡುಗೆಮನೆಯ ಟೈಲ್ಸ್ ಉಂಟು, ಕೊಕ್ಕೆಗೆ ನೇತು ಹಾಕಿದ ಮೀನು, ಬೇಟೆಯ ಮೊಲ, ಹಂದಿ ತಲೆ. ಅಮ್ಮ ಸೂಪು ಬಿಟ್ಟು ಆ ಮೀನುಗಳ ಹತ್ರವೇ ನಿಂತ್ರು, ಇದು ಅಂಜಲ್ ಇರಬಹುದಾ, ಇದು ತೊರಕೆ ಅಲ್ವಾ ಅಂತ ಒಂದೊಂದಕ್ಕೂ ನಮ್ಮೂರ ಹೆಸರಿಟ್ಟರು.

ಆಮೇಲೆ ಮೇಲಿನ ಮಹಡಿ. ಅಲ್ಲೇ ಇದ್ದದ್ದು, ಲಿಸ್ಬನ್ನಿನ ಮಹಾ ನೋಟ ಅಂತ ಹೆಸರು. ಉದ್ದ ಸುಮಾರು 23 ಮೀಟರ್, ಎತ್ತರ ಮಾತ್ರ ನನ್ನ ಸೊಂಟದಿಂದ ಸ್ವಲ್ಪ ಮೇಲೆ ಬರುವಷ್ಟು, ಎಲ್ಲ ನೀಲಿ ಬಿಳಿ. ಸುಮಾರು 1700ನೇ ಇಸವಿಯದ್ದು, ಸ್ಪೇನಿನಲ್ಲಿ ಹುಟ್ಟಿದ ಗಾಬ್ರಿಯೆಲ್ ದೆಲ್ ಬಾರ್ಕೊ ಬಿಡಿಸಿದ್ದು ಅಂತ ಹೇಳ್ತಾರೆ, ಒಬ್ಬ ಕೌಂಟನ ಅರಮನೆಯಲ್ಲಿ ಇತ್ತಂತೆ. ನದಿಯಲ್ಲಿ ದೋಣಿಯಲ್ಲಿ ಕೂತು ನೋಡಿದ ಹಾಗೆ ಪಶ್ಚಿಮದ ಅಲ್ಜೆಶ್‌ನಿಂದ ಹಿಡಿದು ಪೂರ್ವದ ಶಬ್ರೇಗಸ್ ತನಕ, ಅಂದ್ರೆ ನಾವು ನಿಂತಿದ್ದ ಜಾಗದ ತನಕ, ಹದಿನಾಲ್ಕು ಕಿಲೋಮೀಟರಿನಷ್ಟು ದಡ ಅದರಲ್ಲಿ ಉಂಟು. ಬೆಲೆಂ ಬುರುಜು ಉಂಟು, ಗುಡ್ಡ ಉಂಟು, ಗುಡ್ಡದ ಮೇಲೆ ಒತ್ತೊತ್ತಾಗಿ ಮನೆಗಳು, ಕೆಳಗೆ ನೀರಲ್ಲಿ ಹಾಯಿ ಬಿಚ್ಚಿದ ದೊಡ್ಡ ಹಡಗು, ಸಾಮಾನು ಸಾಗಿಸುವ ಚಿಕ್ಕ ದೋಣಿ. ನಡುವಲ್ಲಿ ರಾಜನ ರಿಬೈರಾ ಅರಮನೆ, ನೀರಿನ ಅಂಚಿಗೇ.

ಈ ಅರಮನೆ ಈಗ ಇಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬ, ಜನ ಚರ್ಚಿನಲ್ಲಿದ್ದರು, ಮೇಣದಬತ್ತಿಗಳು ಉರೀತಿದ್ದವು, ಬೆಳಿಗ್ಗೆ ಒಂಬತ್ತೂವರೆ ಆಸುಪಾಸು ನೆಲ ನಡುಗಿತು. ಬದುಕಿದವರು ಬಯಲು ಜಾಗ ಅಂತ ನದಿ ದಡಕ್ಕೆ ಓಡಿದ್ರೆ ಅಲ್ಲಿಗೆ ಸುನಾಮಿ ಬಂತು, ಉಳಿದ ಕಡೆ ಬೆಂಕಿ ದಿನಗಟ್ಟಲೆ ಉರೀತು. ಅರಮನೆ ಹೋಯ್ತು, ಅದರ ಲೈಬ್ರರಿ ಹೋಯ್ತು, ಅದೇ ವರ್ಷ ಶುರುವಾಗಿದ್ದ ಒಪೆರಾ ಮನೆ ಹೋಯ್ತು, ಇಂಡಿಯಾ ವ್ಯಾಪಾರದ ಲೆಕ್ಕ ನೋಡ್ತಿದ್ದ ಕಾಸಾ ದ ಇಂಡಿಯಾ ಕೂಡ ಹೋಯ್ತು. ತಮ್ಮ ಇದನ್ನೆಲ್ಲ ಹೇಳ್ತಾ ಹೋದ ಹಾಗೆ ನಾನು ಚಿತ್ರದಲ್ಲಿ ಅರಮನೆಯ ಕಿಟಕಿ ಎಣಿಸ್ತಾ ಇದ್ದೆ, ಯಾಕೆ ಎಣಿಸಿದೆನೋ ಗೊತ್ತಿಲ್ಲ. ಕಲ್ಲಿನದ್ದು ಬಿದ್ದುಹೋಗಿ ಈ ತೆಳು ಮಣ್ಣಿನ ಬಿಲ್ಲೆಗಳು ಉಳಿದಿವೆಯಲ್ಲಾ ಅಂತ ಗಂಟಲು ಕಟ್ಟಿತು.

ಕಾಸಾ ದ ಇಂಡಿಯಾ ಹೆಸರು ಕೇಳಿ ಅಮ್ಮ, "ನಮ್ಮ ಕಾಳುಮೆಣಸು ಅಲ್ಲಿಗೇ ಬರ್ತಿದ್ದದ್ದಾ?" ಅಂತ ಕೇಳಿದ್ರು. ಹೌದಲ್ವಾ. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರೇ ಹೆಸರಿಟ್ಟದ್ದು. ಅಮ್ಮನ ತವರು ಉಳ್ಳಾಲ, ಅಬ್ಬಕ್ಕನ ಕಥೆ ಕೇಳಿ ಬೆಳೆದವರು, ಪೋರ್ಚುಗೀಸರ ಹಡಗು ಅಂದ್ರೆ ಅವರಿಗೆ ಬೆಂಕಿ ಇಡ್ಲಿಕ್ಕೆ ಬಂದವರ ಹಡಗು. ಚಿತ್ರದ ಹಡಗುಗಳನ್ನು ತುಂಬಾ ಹೊತ್ತು ನೋಡಿದ್ರು, ಏನೂ ಹೇಳಲಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಗಂಟು ಹೊತ್ತು ಹೋಗುವ ಬೆರಳುದ್ದದ ಜನ ಕಂಡರು, "ಇವರೂ ಹೊರೆ ಹೊತ್ತವರೇ" ಅಂದ್ರು. ನಾನೂ ಎರಡನ್ನೂ ಮನಸ್ಸಲ್ಲಿ ಇಟ್ಕೊಂಡೇ ನೋಡಿದೆ, ಆ ಹಡಗುಗಳು ನಮ್ಮ ಕರಾವಳಿಗೆ ಮಾಡಿದ್ದನ್ನು ಮರೆತು ನೋಡುದು ನನ್ನಿಂದ ಆಗುದಿಲ್ಲ, ಆದ್ರೆ ಆ ಕೈಕೆಲಸಕ್ಕೆ ಕೈ ಮುಗಿಯದೆ ಬರ್ಲಿಕ್ಕೂ ಆಗುದಿಲ್ಲ.

ಮಾಡುವ ಕ್ರಮ ನನಗೆ ಸರಿಯಾಗಿ ಅರ್ಥ ಆದದ್ದು ಮರುದಿನ, ತಮ್ಮ ಒಂದು ಸಣ್ಣ ವರ್ಕ್‌ಶಾಪಿಗೆ ಹೆಸರು ಕೊಟ್ಟಿದ್ದ, ಎರಡು ಗಂಟೆ, ಒಬ್ಬರಿಗೆ ಒಂದು ಟೈಲ್. ಒಮ್ಮೆ ಸುಟ್ಟ ಮಣ್ಣಿನ ಬಿಲ್ಲೆ ಮೇಲೆ ತವರ ಸೇರಿಸಿದ ಬಿಳಿ ಗ್ಲೇಝ್ ಹಾಕಿ ಒಣಗಿಸಿರ್ತಾರೆ, ಮುಟ್ಟಿದ್ರೆ ಸುಣ್ಣದ ಹುಡಿಯ ಹಾಗೆ ಕೈಗೆ ಹತ್ತುತ್ತದೆ. ಅದರ ಮೇಲೇ ಬಿಡಿಸೋದು. ಬ್ರಶ್ ಇಟ್ಟ ಕೂಡ್ಲೇ ಹುಡಿ ನೀರನ್ನು ಎಳ್ಕೊಳ್ತದೆ, ಒರೆಸ್ಲಿಕ್ಕೆ ಆಗುದಿಲ್ಲ, ಗೆರೆ ತಪ್ಪಿದ್ರೆ ತಪ್ಪಿತು. ಕಾಗದದಲ್ಲಿ ಮೊದಲು ಚಿತ್ರ ಬರೆದು, ಗೆರೆ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಟೈಲ್ ಮೇಲಿಟ್ಟು ಇದ್ದಿಲ ಹುಡಿಯ ಗಂಟಿನಿಂದ ತಟ್ಟಿದ್ರೆ ಚುಕ್ಕಿ ಚುಕ್ಕಿಯಾಗಿ ಇಳೀತದೆ, ಥೇಟ್ ನಮ್ಮ ರಂಗೋಲಿಯ ತೂತಿನ ಅಚ್ಚಿನ ಹಾಗೆ. ದೊಡ್ಡ ಚಿತ್ರ ಆದ್ರೆ ಪ್ರತಿ ಟೈಲಿನ ಹಿಂದೆ ಅಕ್ಷರ, ನಂಬರು ಬರೀತಾರೆ, ಇಲ್ಲದಿದ್ರೆ ಭಟ್ಟಿಯಿಂದ ಇಳಿದ ಮೇಲೆ ಯಾವುದು ಎಲ್ಲಿಗೆ ಅಂತ ಗೊತ್ತಾಗಬೇಕಲ್ಲ. 1300ರಷ್ಟು ಟೈಲ್ಸ್ ಇರುವ ಆ ಮಹಾ ನೋಟ ನೆನಪಾಗಿ ನನಗೆ ಮೈ ಜುಂ ಅಂತು, ಒಂದೊಂದೂ ಒರೆಸದೆ ಬಿಡಿಸಿದ್ದು.

ನಾನು ಹೂವು ಬಿಡಿಸಿದೆ, ಸಾಧಾರಣ ಬಂತು. ಅಮ್ಮ ಅಚ್ಚು ಬೇಡ ಅಂದ್ರು. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಒಂದೇ ಎಳೆತಕ್ಕೆ ಮಂಜಿಯ ಹೊಟ್ಟೆ ಬಿಡಿಸಿದ್ರು, ಮಂಜಿ ಅಂದ್ರೆ ನಮ್ಮ ಹಳೇ ಬಂದರಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತುಹೋಗುವ ಮರದ ಹಡಗು. ಆಮೇಲೆ ಕಂಬ, ಹಗ್ಗ, ಅದರ ಅಟ್ಟದಲ್ಲಿ ಸಾಲಾಗಿ ಸಣ್ಣ ಸಣ್ಣ ಗೆರೆ. ಏನಮ್ಮಾ ಅದು ಅಂದೆ. "ಹಂಚು. ನಿಲ್ಲಿಸಿ ಇಡುದು, ಮಲಗಿಸಿದ್ರೆ ಒಡೀತದೆ." ಅವರ ಕಾಲದಲ್ಲಿ ಫ್ಯಾಕ್ಟರಿಯಿಂದ ದೋಣಿಯಲ್ಲಿ ಬಂದರಿಗೆ ಹೋಗ್ತಿತ್ತಂತೆ, ಅಲ್ಲಿಂದ ಮಂಜಿಗೆ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಅಂತ ನಾವು ಶಾಲೆಯಲ್ಲಿ ಓದಿದವರು, ಆದ್ರೆ ಅಮ್ಮ ಹೊತ್ತ ಹಂಚು ಬಂದರಿಂದ ಹೇಗೆ ಹೋಗ್ತಿತ್ತು ಅಂತ ನಾನು ನಲವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ, ಅದು ನನ್ನದೇ ತಪ್ಪು. ಅಮ್ಮ ಇದ್ದ ಫ್ಯಾಕ್ಟರಿ ಈಗ ಇಲ್ಲ, ಚಿಮಿಣಿ ಕೂಡ ಕೆಡವಿದ್ದಾರೆ, ಅದರ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ.

ಬಿಡಿಸುವಾಗ ಬಣ್ಣ ನೀಲಿ ಇರಲಿಲ್ಲ, ಕೊಬಾಲ್ಟ್ ಸುಡುವ ಮೊದಲು ಕಪ್ಪು ಬೂದಿಯ ಹಾಗೆ ಕಾಣ್ತದೆ. ಅಮ್ಮನಿಗೆ ಸಮಾಧಾನ ಇಲ್ಲ, ಇದು ನೀಲಿ ಆಗುದು ಹೌದಾ ಅಂತ ಕಲಿಸುವ ಹುಡುಗಿ ಹತ್ರ ತಮ್ಮನ ಮೂಲಕ ಮೂರು ಸಲ ಕೇಳಿಸಿದ್ರು, ಆ ಹುಡುಗಿ ಮೂರು ಸಲವೂ ನಗ್ತಾ ತಲೆ ಆಡಿಸಿದಳು. ಸುಡುವ ಡಿಗ್ರಿ ಎಷ್ಟು ಅಂತಲೂ ಕೇಳಿಸಿದ್ರು, ಸಾವಿರದ ಹತ್ರ ಅಂತ ಉತ್ತರ ಬಂತು, ಅಮ್ಮ "ಹಾಂ, ಹಾಗಾದ್ರೆ ಆಗ್ತದೆ" ಅಂದ್ರು.

ನಾಲ್ಕನೇ ದಿನ ತಮ್ಮ ಹೋಗಿ ತಂದ. ಎಂಥಾ ನೀಲಿ! ಕಂಬದ ಹತ್ರ ಅಮ್ಮನ ಕೈ ಒಂದು ಸಲ ನಡುಗಿದ್ದು ಹಾಗೇ ಉಳಿದಿದೆ, ಹಂಚಿನ ಸಾಲು ಮಾತ್ರ ಒಂದೂ ತಪ್ಪಿಲ್ಲ. ನೀರಿನ ಗೆರೆ ಬಲಗಡೆ ಅಂಚಿನ ತನಕ ಹೋಗಿ ಅಲ್ಲೇ ನಿಂತಿದೆ, ಹಡಗು ಬಂದು ನಿಲ್ಲುವ ದಕ್ಕೆ ಬಿಡಿಸ್ಲಿಕ್ಕೆ ಜಾಗ ಸಾಕಾಗಲಿಲ್ಲ. ಅದಕ್ಕೆ ಅಮ್ಮ ತಮ್ಮನ ಹತ್ರ ಪೆನ್ನು ತಗೊಂಡು ಹಿಂದೆ 1 ಅಂತ ಬರೆದರು.

ವಾಪಸ್ ಬರುವಾಗ ಅದನ್ನು ಕಾಟನ್ ಸೀರೆಯಲ್ಲಿ ನಾಲ್ಕು ಸುತ್ತು ಸುತ್ತಿ ಅಮ್ಮ ತನ್ನ ಕೈಚೀಲದಲ್ಲೇ ಇಟ್ಟುಕೊಂಡಿದ್ರು, ದುಬೈಯಲ್ಲಿ ಫ್ಲೈಟ್ ಬದಲಾಯಿಸುವಾಗಲೂ ನನ್ನ ಕೈಗೆ ಕೊಡಲಿಲ್ಲ. ಬಜ್ಪೆಯಲ್ಲಿ ಇಳಿದು, ಲಗೇಜಿಗೆ ಕಾಯುವಾಗ, ಅಲ್ಲೇ ಕುರ್ಚಿಯಲ್ಲಿ ಕೂತು ಸೀರೆ ಬಿಚ್ಚಿದ್ರು. ಕಿವಿ ಹತ್ರ ಹಿಡಿದು ಬೆರಳಿನ ಗಂಟಿನಿಂದ ಎರಡು ಸಲ ಕುಟ್ಟಿದ್ರು, ಆಮೇಲೆ ನನ್ನ ಕಿವಿ ಹತ್ರ ತಂದು ಇನ್ನೊಂದು ಸಲ. ಟಣ್ ಅಂತ ಬಂತು.