ಮೊಮ್ಮಗಳನ್ನು ಡಿ.ಎ.ಆರ್.ಗೆ ಸೇರಿಸೋದಾ, ಬೇಡವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕನ್ನಡ ಕೂಟದ ಊಟದ ಸಾಲಿನಲ್ಲಿ, ಮದುವೆ ಮನೆಗಳಲ್ಲಿ, ಈಚೆಗೆ ಫೋನಿನಲ್ಲೂ ಇದೇ ಪ್ರಶ್ನೆ. "ಅಕ್ಕಾ, ನಮ್ಮ ಬೀಗರ ಮನೆತನ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ್ದಂತೆ. ಆ ಯುದ್ಧದವರ ವಂಶದ ಹೆಂಗಸರ ಸಂಘ ಡಿ.ಎ.ಆರ್. ಇದೆಯಲ್ಲ, ಮೊಮ್ಮಗಳನ್ನು ಅದಕ್ಕೆ ಸೇರಿಸಬಹುದು ಅಂತಾರೆ. ಸೇರಿಸೋದಾ, ಬೇಡವಾ?"

ನನ್ನನ್ನೇ ಕೇಳಲು ಕಾರಣವಿದೆ. ನಾನು ಧಾರವಾಡ ಕಡೆಯವಳು, ನನ್ನ ಗಂಡ ವರ್ಜೀನಿಯಾದವರು. ಮಕ್ಕಳಿಗಾಗಿ ಅವರ ಅಪ್ಪನ ಕಡೆಯ ವಂಶಾವಳಿಯ ಕಾಗದಗಳನ್ನೆಲ್ಲ ಹುಡುಕಿ ಜೋಡಿಸಿದವಳು ನಾನೇ. 2026ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಹಾಗಾಗಿ ಕೇಳುವವರೂ ಜಾಸ್ತಿಯಾಗಿದ್ದಾರೆ.

ನನ್ನ ಉತ್ತರ ಇಷ್ಟು. ಕಾಗದದ ಕೆಲಸ ಖಂಡಿತ ಮಾಡಿ. ಸೇರುವ ಮಾತು ಅದಾದ ಮೇಲೆ. ಆ ನಿರ್ಧಾರವನ್ನು ಮೊಮ್ಮಗಳಿಗೇ ಬಿಡಿ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಡಿ.ಎ.ಆರ್. ಅಂದರೆ ಡಾಟರ್ಸ್ ಆಫ್ ದ ಅಮೆರಿಕನ್ ರೆವಲ್ಯೂಷನ್. 1889ರಲ್ಲಿ ಗಂಡಸರು ಸನ್ಸ್ ಆಫ್ ದ ಅಮೆರಿಕನ್ ರೆವಲ್ಯೂಷನ್ ಕಟ್ಟಿಕೊಂಡರು. ಅದರಲ್ಲಿ ಹೆಂಗಸರಿಗೆ ಜಾಗ ಸಿಗಲಿಲ್ಲ. 1890ರಲ್ಲಿ ವಾಷಿಂಗ್ಟನ್ನಿನ ಹೆಂಗಸರು ತಮ್ಮದೇ ಸಂಘ ಮಾಡಿಕೊಂಡರು. 18 ತುಂಬಿದ ಹೆಣ್ಣುಮಕ್ಕಳು ಸೇರಬಹುದು. ಬ್ರಿಟಿಷರ ವಿರುದ್ಧ ನಿಂತ ಒಬ್ಬ ಪೂರ್ವಜ ಬೇಕು. ಆತನ ಸೇವೆ 1775ರ ಏಪ್ರಿಲ್ 19ರಿಂದ 1783ರ ನವೆಂಬರ್ 26ರ ಒಳಗೆ ನಡೆದಿರಬೇಕು. ಚಿಕ್ಕವರಿಗೆ ಬೇರೆ ಸಂಘವಿದೆ, ಅದು 1895ರದ್ದು. ಅದರಲ್ಲಿ ಗಂಡು ಹೆಣ್ಣು ಎರಡೂ ಸೇರಬಹುದು.

ನಮ್ಮಲ್ಲಿ ಎಷ್ಟೋ ಜನ ಈ ಹೆಂಗಸರನ್ನು ಆಗಲೇ ನೋಡಿದ್ದೀರಿ. ಪೌರತ್ವದ ಪ್ರಮಾಣವಚನದ ದಿನ ಬಾಗಿಲ ಹತ್ತಿರ ನಿಂತು, ನಕ್ಕು ಮಾತಾಡಿಸಿ, ಕೈಗೊಂದು ಪುಟ್ಟ ಬಾವುಟ ಕೊಟ್ಟವರು ಬಹಳ ಊರುಗಳಲ್ಲಿ ಇವರೇ.

ಪೂರ್ವಜ ಬಂದೂಕು ಹಿಡಿದಿರಲೇಬೇಕು ಎಂದೇನಿಲ್ಲ. ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಿದವರು, ಊರಿನ ಸಮಿತಿಯಲ್ಲಿ ಕೆಲಸ ಮಾಡಿದವರು, ಸೇನೆಗೆ ಕಾಳು ಕೊಟ್ಟವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ನನ್ನ ಗಂಡನ ಕಡೆಯ ಹಿರಿಯನೇನೂ ಸೈನಿಕನಲ್ಲ. ಸೇನೆಗೆ ದನದ ಮಾಂಸ ಕೊಟ್ಟು ಚೀಟಿ ಪಡೆದವನು. ವರ್ಜೀನಿಯಾದಲ್ಲಿ ಆ ಚೀಟಿಗಳನ್ನು ಕೌಂಟಿ, ಅಂದರೆ ಜಿಲ್ಲೆಯ, ಕೋರ್ಟಿಗೆ ತಂದು ತೋರಿಸಿ ಹಣ ಕೇಳಬೇಕಿತ್ತು. ಆ ಕೋರ್ಟಿನ ಪುಸ್ತಕದಲ್ಲಿ ಅವನದು ಒಂದೇ ಒಂದು ಸಾಲು. ನಮಗೆ ಸಾಕಾದದ್ದು ಅದೇ.

ನೌಕಾಪಡೆಯವರೂ ಲೆಕ್ಕಕ್ಕೆ ಬರುತ್ತಾರೆ. ಇಲ್ಲಿ ನಮ್ಮವರಿಗೆ ಖುಷಿ ಕೊಡುವ ವಿಷಯವೊಂದಿದೆ. 1782ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಒಂದು ಹಡಗನ್ನು ಯುದ್ಧಕ್ಕೆ ಇಳಿಸಿತು. ಅದರ ಹೆಸರು 'ಹೈದರ್ ಅಲ್ಲಿ'. ಹೌದು, ನಮ್ಮ ಮೈಸೂರಿನ ಹೈದರಾಲಿ! 1780ರಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷರನ್ನು ಬಡಿದವನ ಹೆಸರು ಆ ಸಮುದ್ರದವರೆಗೂ ಮುಟ್ಟಿತ್ತು. ಜೋಶುವಾ ಬಾರ್ನಿ ಅದರ ನಾಯಕ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಹೆಚ್ಚು ತೋಪುಗಳಿದ್ದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಆ ಹಡಗಿನ ನಾವಿಕನೊಬ್ಬನ ವಂಶದವರು ಯಾರಾದರೂ ನಮ್ಮ ಕನ್ನಡದ ಮನೆಗೆ ಬೀಗರಾಗಿ ಬಂದರೆ ಎಷ್ಟು ಚೆಂದ ಅಂತ ನನಗೆ ಆಗಾಗ ಅನಿಸುತ್ತದೆ.

ಇನ್ನು ಮುಖ್ಯ ವಿಷಯ. ಹುಟ್ಟಿನಿಂದ ಸಿಗುವ ಸದಸ್ಯತ್ವ ಎಂದಾಕ್ಷಣ ನಮ್ಮಲ್ಲಿ ಕೆಲವರಿಗೆ ಹಿಗ್ಗು, ಕೆಲವರಿಗೆ ಮುಜುಗರ. ನನಗೆ ಮುಜುಗರವೇ ಆಗಿತ್ತು. ಹುಟ್ಟು ನೋಡಿ ಮನುಷ್ಯರಿಗೆ ಬೆಲೆ ಕಟ್ಟಿದರೆ ಏನಾಗುತ್ತದೆ ಎಂದು ನಮ್ಮೂರಿನ ಬಾವಿಕಟ್ಟೆಗಳಲ್ಲಿ ನೋಡಿ ಬೆಳೆದವಳು ನಾನು. ಅದೇ ವಿಚಾರವನ್ನು ಇಲ್ಲಿಗೆ ಬಂದು ಮಕ್ಕಳ ಕೊರಳಿಗೆ ಕಟ್ಟಬೇಕಾ?

ಈ ಪ್ರಶ್ನೆ ಹೊಸದಲ್ಲ. ಯುದ್ಧ ಮುಗಿದ 1783ರಲ್ಲೇ ಸೇನೆಯ ಅಧಿಕಾರಿಗಳು ಸೊಸೈಟಿ ಆಫ್ ದ ಸಿನ್ಸಿನಾಟಿ ಎಂಬ ಸಂಘ ಕಟ್ಟಿದರು. ಅಪ್ಪನ ಸದಸ್ಯತ್ವ ಹಿರಿಯ ಮಗನಿಗೆ ಹೋಗಬೇಕು ಎಂದು ನಿಯಮ. ರಾಜನನ್ನು ಓಡಿಸಿ ಇನ್ನೊಂದು ಅರಸು ಮನೆತನ ಕಟ್ಟುತ್ತೀರಾ ಎಂದು ದೇಶದಲ್ಲಿ ಗಲಾಟೆಯಾಯಿತು. ಸಂಘದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರೇ 1784ರಲ್ಲಿ ಆ ವಂಶದ ನಿಯಮ ತೆಗೆಯಿರಿ ಎಂದು ಒತ್ತಾಯಿಸಿದರು. ಅದು ಕೊನೆಗೂ ಹೋಗಲಿಲ್ಲ.

ಅದೇ ವರ್ಷ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಮಗಳಿಗೆ ಒಂದು ಕಾಗದ ಬರೆದರು. ಅದರಲ್ಲಿ ಒಂದು ಲೆಕ್ಕವಿದೆ. ಮಗನಲ್ಲಿ ಅಪ್ಪನ ಪಾಲು ಅರ್ಧ, ಮೊಮ್ಮಗನಲ್ಲಿ ಕಾಲು. ಹೀಗೇ ಹೋದರೆ ಒಂಬತ್ತನೇ ತಲೆಮಾರಿಗೆ ಉಳಿಯುವುದು 512ರಲ್ಲಿ ಒಂದು ಪಾಲು. ಗೌರವ ಕೊಡುವುದಾದರೆ ಮಗನ ಸಾಧನೆಗಾಗಿ ಅಪ್ಪ ಅಮ್ಮನಿಗೆ ಕೊಡಿ, ಸಾಕಿದವರು ಅವರು ಎಂಬುದು ಅವರ ವಾದ.

ನಮ್ಮ ಮನೆಯ ಲೆಕ್ಕ ಹಾಕಿ ನೋಡಿದೆ. ಆ ಮಾಂಸ ಕೊಟ್ಟ ಹಿರಿಯನಿಂದ ನನ್ನ ಮಕ್ಕಳು ಎಂಟನೇ ತಲೆಮಾರು. ಅಂದರೆ 256ರಲ್ಲಿ ಒಂದು ಪಾಲು. ಅದೇ ತಲೆಮಾರಿನಲ್ಲಿ ನನ್ನ ಕಡೆಯಿಂದ ಅವರಿಗೆ 128 ಹಿರಿಯರಿದ್ದಾರೆ. ಅವರು ಮಲಪ್ರಭೆಯ ಸುತ್ತಮುತ್ತ, ಹೈದರ್ ಮತ್ತು ಪೇಶ್ವೆಗಳ ದಂಡುಗಳ ನಡುವೆ ಜೋಳ ಬೆಳೆದು ಬದುಕಿದವರು. ಯಾವ ದಂಡಿಗೆ ಎಷ್ಟು ಕಾಳು ಕೊಟ್ಟರೋ, ಯಾರು ಚೀಟಿ ಕೊಟ್ಟರು? ಅವರ ಪಾಲೂ ಮಕ್ಕಳಲ್ಲಿ ಅಷ್ಟೇ ಇದೆ. ಇದನ್ನು ಮಕ್ಕಳಿಗೆ ಕೂರಿಸಿಕೊಂಡು ಹೇಳಿದ ಮೇಲೆ ನನ್ನ ಮುಜುಗರ ಬಹಳ ಮಟ್ಟಿಗೆ ಕರಗಿತು. ಆ ಒಬ್ಬನನ್ನು ಎತ್ತಿ ಹಿಡಿಯುವುದು ಅವನ ಹೆಸರು ಕಾಗದದಲ್ಲಿ ಉಳಿದದ್ದಕ್ಕೆ. ಅವನಿಂದ ಮಕ್ಕಳು ದೊಡ್ಡವರಾಗುವುದಿಲ್ಲ. ಇಷ್ಟು ಮನಸ್ಸಿಗೆ ಬಂದ ಮೇಲೆ ಸೇರಿದರೆ ತೊಂದರೆಯಿಲ್ಲ.

ಕಾಗದದ ಕೆಲಸ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆ ಹೆಳವರು ಎತ್ತಿನ ಜೊತೆ ಊರಿಗೆ ಬಂದು, ಮನೆ ಮುಂದೆ ನಿಂತು ಹಿರಿಯರ ಹೆಸರನ್ನು ಸಾಲಾಗಿ ಹೇಳುತ್ತಾರೆ. ಅವರು ಹೇಳಿದ್ದೇ ಪ್ರಮಾಣ. ಇಲ್ಲಿ ಹಾಗೆ ನಡೆಯುವುದಿಲ್ಲ. ಪ್ರತಿ ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ದಾಖಲೆ ಬೇಕು. ಈ ಮಗ ಈ ಅಪ್ಪನದೇ ಎನ್ನುವುದಕ್ಕೂ ಕಾಗದ ಬೇಕು. ಎಂಜಲು ಕಳಿಸಿ ಮಾಡಿಸುವ ಡಿ.ಎನ್.ಎ. ಪರೀಕ್ಷೆಯೊಂದೇ ಸಾಲದು.

ಹತ್ತಿರದ ತಲೆಮಾರುಗಳು ಸುಲಭ. 1850ರ ಜನಗಣತಿಯಿಂದ ಈಚೆಗೆ ಮನೆಯ ಸ್ವತಂತ್ರ ಜನರೆಲ್ಲರ ಹೆಸರೂ ಇರುತ್ತದೆ. ಅದಕ್ಕೂ ಹಿಂದೆ ಮನೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಅಂಕಿ. 1890ರ ಜನಗಣತಿಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. ಯುದ್ಧ ಇಲಾಖೆಯ ಹಳೇ ದಾಖಲೆಗಳು 1800ರಲ್ಲೇ ಸುಟ್ಟಿದ್ದವು. ವರ್ಜೀನಿಯಾದ ಕೆಲವು ಕೌಂಟಿಗಳು ಜೋಪಾನವಾಗಿರಲಿ ಎಂದು ರಾಜಧಾನಿ ರಿಚ್ಮಂಡಿಗೆ ಕಳಿಸಿದ ಪುಸ್ತಕಗಳು 1865ರಲ್ಲಿ ಊರಿನ ಜೊತೆಗೇ ಸುಟ್ಟವು. ಆಗ ಕೈ ಹಿಡಿಯುವುದು ಪಿಂಚಣಿ ಕಡತಗಳು. ವಿಧವೆಯರು ಮದುವೆಯ ಪುರಾವೆಗಾಗಿ ಮನೆಯ ಬೈಬಲ್‌ನ ಹಾಳೆಯನ್ನೇ ಹರಿದು ಕಳಿಸಿದ್ದುಂಟು. ಅಂಥ ಹಾಳೆಯಲ್ಲಿ ಮಕ್ಕಳ ಹೆಸರೆಲ್ಲ ಸಿಕ್ಕಿಬಿಡುತ್ತವೆ.

ಸಂಘದ ಜಾಲತಾಣದಲ್ಲಿ ಪೂರ್ವಜರ ಪಟ್ಟಿಯನ್ನು ಯಾರು ಬೇಕಾದರೂ ಸುಮ್ನೆ ನೋಡಬಹುದು, ದುಡ್ಡಿಲ್ಲ. ಬೀಗರ ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಸದಸ್ಯೆಯಾಗಿದ್ದರೆ ಕೆಲಸ ಅರ್ಧಕ್ಕಿಳಿಯುತ್ತದೆ. ಅವರವರೆಗಿನ ಕೊಂಡಿ ತೋರಿಸಿದರೆ ಸಾಕು. ಆದರೆ ನೂರು ವರ್ಷ ಹಿಂದಿನ ಅರ್ಜಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಆಗ ಮನೆಯವರ ಮಾತಿನ ಮೇಲೇ ಒಪ್ಪಿದ್ದು ಬಹಳ. ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಕೆಂಪು ಅಕ್ಷರದ ಟಿಪ್ಪಣಿ ಇರುತ್ತದೆ. ಮುಂದಿನವರು ಇದನ್ನು ಹೊಸದಾಗಿ ಸಾಬೀತು ಮಾಡಬೇಕು ಎಂದು ಅದರ ಅರ್ಥ.

ಈ ಹುಡುಕಾಟದಲ್ಲಿ ನನ್ನನ್ನು ಅಲುಗಾಡಿಸಿದ್ದು ಒಂದು ಉಯಿಲು. ಅಪ್ಪ ಮಗನ ಸಂಬಂಧ ತೋರಿಸಲು ಉಯಿಲಿಗಿಂತ ಒಳ್ಳೆ ಕಾಗದವಿಲ್ಲ. ನಮಗೆ ಬೇಕಾದ ಮಗನ ಹೆಸರು ಅದರಲ್ಲಿ ಸಿಕ್ಕಿತು. ಅದರ ಕೆಳಗೇ ಹಾಸಿಗೆ, ಕಬ್ಬಿಣದ ಪಾತ್ರೆ, ಹಸುಗಳ ಜೊತೆ ಮನುಷ್ಯರ ಹೆಸರಿತ್ತು. ಒಬ್ಬ ಹೆಂಗಸು, ಅವಳ ಮಗು. ಯಾವ ಮಗನಿಗೆ ಯಾರು ಎಂದು ಹಂಚಿಬಿಟ್ಟಿದ್ದ. ಸ್ವಾತಂತ್ರ್ಯಕ್ಕಾಗಿ ಮಾಂಸ ಕೊಟ್ಟವನ ಉಯಿಲು ಅದು.

ಇದನ್ನು ಮಕ್ಕಳಿಗೆ ಮುಚ್ಚಿಡಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಇಷ್ಟೇ ಅಲ್ಲ. ನಿಮ್ಮ ಮೊಮ್ಮಗಳ ವಂಶ ಸಾಬೀತಾಗುವ ಅದೇ ಹಾಳೆಯಲ್ಲಿ ಇನ್ನೊಂದು ಕುಟುಂಬದ ಸುಳಿವೂ ಇದೆ. ಗುಲಾಮರಾಗಿದ್ದ ಆ ಕುಟುಂಬದವರಿಗೆ ಜನಗಣತಿಯಲ್ಲಿ ಹೆಸರು ಬರುವುದೇ 1870ರಲ್ಲಿ, ಅದಕ್ಕೆ ಮುಂಚೆ ಹೆಚ್ಚಿನವರಿಗೆ ಇಂಥ ಉಯಿಲುಗಳೇ ಗತಿ. ಆ ಹೆಸರುಗಳನ್ನು ನಕಲು ಮಾಡಿ, ಕೌಂಟಿ, ವರ್ಷ, ಪುಟದ ಸಮೇತ ಅಲ್ಲಿನ ಗ್ರಂಥಾಲಯಕ್ಕೆ ಕೊಡಿ. ಬೀಗರ ಮನೆಯವರಿಗೆ ಇದು ಇರುಸುಮುರುಸಾಗಬಹುದು. ನಮ್ಮ ಅತ್ತೆಗೂ ಆಯಿತು. ಆಮೇಲೆ ಅವರೇ ಕನ್ನಡಕ ಹಾಕಿಕೊಂಡು ಹಳೇ ಅಕ್ಷರ ಓದಲು ನನ್ನ ಪಕ್ಕ ಕೂತರು.

ಸಂಘದ ಹಿಂದಿನ ನಡವಳಿಕೆಯೂ ಗೊತ್ತಿರಬೇಕು. 1939ರಲ್ಲಿ ಗಾಯಕಿ ಮೇರಿಯನ್ ಆಂಡರ್ಸನ್ ಅವರಿಗೆ ತಮ್ಮ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಹಾಡಲು ಡಿ.ಎ.ಆರ್. ಬಿಡಲಿಲ್ಲ, ಆಕೆ ಕಪ್ಪು ಹೆಂಗಸೆಂದು. ದೇಶದ ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಈಸ್ಟರ್ ಭಾನುವಾರ ಆಂಡರ್ಸನ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಸುಮಾರು 75,000 ಜನರ ಮುಂದೆ ಹಾಡಿದರು. ಈ ಸಂಘಕ್ಕೆ ಕಪ್ಪು ಸದಸ್ಯೆಯೊಬ್ಬರು ಬಂದರು ಎಂದು ದೇಶಕ್ಕೆ ಗೊತ್ತಾದದ್ದು 1977ರಲ್ಲಿ, ಡೆಟ್ರಾಯಿಟ್‌ನ ಕರೆನ್ ಬ್ಯಾಚಲರ್. 80ರ ದಶಕದಲ್ಲೂ ಲೀನಾ ಫರ್ಗ್ಯುಸನ್ ಎಂಬವರು ಸೇರಲು ವರ್ಷಗಟ್ಟಲೆ ಹೋರಾಡಬೇಕಾಯಿತು. ಆಮೇಲೆ ಸಂಘ ತಿದ್ದಿಕೊಂಡಿದ್ದೂ ನಿಜ. ಯುದ್ಧದಲ್ಲಿ ಸೇವೆ ಮಾಡಿದ ಕಪ್ಪು ಜನರ ಮತ್ತು ಮೂಲನಿವಾಸಿಗಳ ಹೆಸರು ಹುಡುಕಿ 2008ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಆರು ಸಾವಿರಕ್ಕೂ ಮಿಕ್ಕಿದ ಹೆಸರುಗಳು ಅದರಲ್ಲಿವೆ. ನನ್ನ ಮಟ್ಟಿಗೆ ಆ ಸಂಘ ಮಾಡಿದ ಅತಿ ಒಳ್ಳೆಯ ಕೆಲಸ ಅದು.

ಕೆಲವರು ದಕ್ಷಿಣದ ಬೀಗರ ಮಾತು ಕೇಳಿ, ಕಾನ್‌ಫೆಡರೇಟ್ ಸೈನಿಕರ ವಂಶಸ್ಥರ ಸಂಘವೂ ಇದೇ ಥರದ್ದಲ್ವಾ ಎನ್ನುತ್ತಾರೆ. ಅಲ್ಲ. ಗುಲಾಮಗಿರಿ ಉಳಿಸಿಕೊಳ್ಳಲು ದೇಶ ಒಡೆದವರ ನೆನಪಿಗೆ ಕಟ್ಟಿದ್ದು ಅದು. ಅದಕ್ಕೆ ನನ್ನ ಉತ್ತರ "ಬೇಡ", ಅಷ್ಟೇ.

ಕಾಲೇಜಿಗೆ ಅನುಕೂಲವಾಗುತ್ತದಾ ಎಂದು ಅಪ್ಪಂದಿರು ಕೇಳುತ್ತಾರೆ. ಅದಕ್ಕಾಗಿ ಸೇರಿಸಬೇಡಿ. ಅವರ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಸದಸ್ಯತ್ವವೇ ಬೇಕಿಲ್ಲ. ಐದರಿಂದ ಎಂಟನೇ ತರಗತಿ ಮಕ್ಕಳ ಇತಿಹಾಸ ಪ್ರಬಂಧ ಸ್ಪರ್ಧೆಯೂ ಎಲ್ಲರಿಗೂ ತೆರೆದಿದೆ. ಅಪ್ಪ ಅಮ್ಮ ಇಬ್ಬರೂ ಕನ್ನಡದವರಾದ ಮಕ್ಕಳೂ ಬರೆಯಬಹುದು.

ನಿಜವಾಗಿ ತೂಗಿ ನೋಡಬೇಕಾದದ್ದು ಎರಡು. ಒಂದು, ನಿಮ್ಮೂರಿನ ಶಾಖೆ. ವಾಷಿಂಗ್ಟನ್ನಿನ ದೊಡ್ಡ ಕಟ್ಟಡ ನೋಡಿ ತೀರ್ಮಾನ ಮಾಡಬೇಡಿ. ಮೊಮ್ಮಗಳು ತಿಂಗಳು ತಿಂಗಳು ಕೂರಬೇಕಾದದ್ದು ಊರಿನ ಹತ್ತಿಪ್ಪತ್ತು ಹೆಂಗಸರ ಜೊತೆ. ಅತಿಥಿಯಾಗಿ ಹೋಗಿ ಬರಲಿ. ಅವರು ಏನು ಮಾಡುತ್ತಾರೆ ನೋಡಲಿ. ಬರೀ ಟೋಪಿ, ಬಿಲ್ಲೆ, ಚಹಾ ಮಾತ್ರವೋ, ಹಳೇ ಸಮಾಧಿಕಲ್ಲು ಓದಿ ಬರೆದಿಡುವ ಕೆಲಸವೂ ಇದೆಯೋ. ಅವಳ ಬಣ್ಣ, ಹೆಸರು ಕೇಳಿ "ನೀನು ಹೇಗೆ ಇಲ್ಲಿ" ಎಂಬ ನೋಟ ಬಂದರೆ ಎದ್ದು ಬರಲಿ. ನಮ್ಮ ಊರಿನ ಶಾಖೆಯಲ್ಲಿ ಹಾಗಾಗಲಿಲ್ಲ.

ಎರಡನೆಯದು ಕಷ್ಟದ್ದು. ಈ ಸಂಘಗಳಿಗೆ ರಕ್ತ ಸಂಬಂಧವೇ ಬೇಕು. ದತ್ತು ಬಂದ ಮಗಳು ಹೆತ್ತವರ ವಂಶದಿಂದ ಅರ್ಹಳಾಗಬಹುದು, ಸಾಕಿದವರ ವಂಶದಿಂದ ಆಗಲಾರಳು. ಸೊಸೆಯಾಗಿ ಬಂದ ನನ್ನಂಥವಳು ಹೊರಗುಳಿದರೆ ನೋವಿಲ್ಲ. ಆದರೆ ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ ಅಂದರೆ? ಇಂಥ ಮನೆಯವರು ಕೇಳಿದಾಗ ಮೊದಲು ಆ ಇನ್ನೊಂದು ಮಗುವಿನ ಜೊತೆ ಮಾತಾಡಿ ಎನ್ನುತ್ತೇನೆ. ಅದರ ಮುಖ ಸಣ್ಣದಾದರೆ ಅಲ್ಲಿಗೇ ಬಿಟ್ಟುಬಿಡಿ. ಯಾವ ಬಿಲ್ಲೆಯೂ ಅದಕ್ಕಿಂತ ದೊಡ್ಡದಲ್ಲ.

ನಿಮ್ಮ ಮಕ್ಕಳು ಏನು ಮಾಡಿದರು ಎಂದು ಕೊನೆಗೆ ಕೇಳೇ ಕೇಳುತ್ತಾರೆ. ಮಗಳು ಸೇರಿದಳು. ಶಾಖೆಯಲ್ಲಿ ಉಯಿಲುಗಳ ಸೂಚಿ ಮಾಡುವ ಗುಂಪಿದೆ, ಅವಳಿಗೆ ಅದು ಇಷ್ಟವಾಯಿತು. ಗುಲಾಮರ ಹೆಸರುಗಳಿಗೂ ಬೇರೆ ಸೂಚಿ ಬೇಕು ಎಂದು ಕೇಳಿದಳು, ಅವರು ಒಪ್ಪಿದರು. ಮಗ ಗಂಡಸರ ಸಂಘಕ್ಕೆ ಸೇರಲಿಲ್ಲ. ಅವನ ಚಿಕ್ಕಪ್ಪನ ಮಗ ದತ್ತು ಬಂದವನು, ಇವನಿಗೆ ಜೀವದ ಗೆಳೆಯ. ಅವನಿಲ್ಲದ ಕಡೆ ತನಗೆ ಕೆಲಸವಿಲ್ಲ ಎಂದ. ರಜೆಯಲ್ಲಿ ಮಾತ್ರ ಅಕ್ಕನ ಜೊತೆ ಕೋರ್ಟಿಗೆ ಹೋಗಿ ಹಳೇ ಪುಸ್ತಕಗಳ ಫೋಟೊ ತೆಗೆದುಕೊಡುತ್ತಾನೆ. ಈಗ ಇಬ್ಬರೂ ನನ್ನ ಕಡೆಯ 128ರ ಹಿಂದೆ ಬಿದ್ದಿದ್ದಾರೆ. ನಮ್ಮೂರಿಗೆ ಬರುವ ಹೆಳವರ ಮನೆ ಯಾವ ಊರಲ್ಲಿದೆ ಎಂದು ನಮ್ಮಣ್ಣನಿಗೆ ಫೋನ್ ಮಾಡಿ ಕೇಳಿದ್ದಾರೆ, ಅವನು ವಿಚಾರಿಸುತ್ತಿದ್ದಾನೆ.