ಬೋರ್ಡಿನಿಂದ ಹಾಳೆಗೆ: ಆನ್‌ಲೈನ್ ಪಾಠದ ವ್ಯವಸ್ಥೆ ಎಲ್ಲಿಯವರೆಗೆ ಬಂತು

2020ರ ಮಾರ್ಚ್‌ನಲ್ಲಿ ತರಗತಿಗಳು ಮುಚ್ಚಿದಾಗ ಹೆಚ್ಚಿನ ಅಧ್ಯಾಪಕರು ಕೈಗೆತ್ತಿಕೊಂಡದ್ದು ಲ್ಯಾಪ್‌ಟಾಪು ಮತ್ತು ಸ್ಲೈಡುಗಳನ್ನು. ಗಣಿತ, ಭೌತಶಾಸ್ತ್ರದಂಥ ವಿಷಯಗಳಿಗೆ ಅದು ಸಾಲಲಿಲ್ಲ. ಒಂದು ಸಾಲಿನಿಂದ ಮುಂದಿನ ಸಾಲು ಹೇಗೆ ಹುಟ್ಟುತ್ತದೆ ಎಂಬುದೇ ಅಲ್ಲಿ ಪಾಠ. ಎಂಟು ಸಾಲೂ ಒಟ್ಟಿಗೆ ಬಂದು ಕೂತರೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಯೋಚಿಸುವುದಿಲ್ಲ. ಆದ್ದರಿಂದ ಹಾಳೆಯ ಮೇಲೆ ಬರೆಯುತ್ತಾ ಅದನ್ನು ಫೋನಿನ ಕ್ಯಾಮೆರಾದಿಂದ ತೋರಿಸುವ ಈ ಕೆಲಸದಲ್ಲಿ ಬಿಟ್ಟುಕೊಡದೆ ಇಟ್ಟುಕೊಂಡಿರುವ ಗುರಿ ಒಂದೇ: ಪಾಠ ಕೈಬರಹದ ವೇಗದಲ್ಲೇ ಸಾಗಬೇಕು. ಉಳಿದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ಹಾಳೆ, ಫೋನು, ಬೆಳಕು: ಮುಗಿದಿದೆ

ಮೊದಲ ವಿನ್ಯಾಸದಲ್ಲಿ ಎ4 ಹಾಳೆಯನ್ನು ಅಡ್ಡಲಾಗಿಟ್ಟು ಮೇಲಿನಿಂದ ಫೋನಿನ ಕ್ಯಾಮೆರಾ ಹಿಡಿಸಿದ್ದಾಯಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಆದರೆ ಬಹಳಷ್ಟು ವಿದ್ಯಾರ್ಥಿಗಳು ಪಾಠ ನೋಡುವುದು ಫೋನಿನಲ್ಲಿ. ಆ ಪರದೆಯ ಅಗಲ ಸುಮಾರು 13 ಸೆಂ.ಮೀ. 29.7 ಸೆಂ.ಮೀ. ಹಾಳೆ ಅದರಲ್ಲಿ ಕೂತಾಗ ಅರ್ಧಕ್ಕಿಂತ ಚಿಕ್ಕದಾಗುತ್ತದೆ, 3 ಮಿ.ಮೀ. ಅಕ್ಷರ ಒಂದೂವರೆ ಮಿ.ಮೀ.ಗೂ ಕಡಿಮೆಯಾಗುತ್ತದೆ. ಘಾತಾಂಕ, ಪಾದಾಂಕಗಳ ಕಥೆ ಕೇಳುವುದೇ ಬೇಡ. ಈಗ ಹಾಳೆಯನ್ನು ಅರ್ಧಕ್ಕೆ ಮಡಚಿ 21 ಸೆಂ.ಮೀ. ಅಗಲದಲ್ಲಿ ಬರೆಯುತ್ತೇವೆ. ಅಕ್ಷರ 7 ಮಿ.ಮೀ., ಪುಟಕ್ಕೆ ಆರೇಳು ಸಾಲು. 16:9 (ಅಗಲ 16 ಪಾಲಾದರೆ ಎತ್ತರ 9 ಪಾಲು) ಚೌಕಟ್ಟಿನಲ್ಲಿ ಆ ಅಗಲಕ್ಕೆ ಸಿಗುವ ಎತ್ತರ 11.8 ಸೆಂ.ಮೀ. ಮಾತ್ರ, ಅಂದರೆ ಹಾಳೆಯ ಕೆಳಗಿನ 3 ಸೆಂ.ಮೀ. ಕಾಣುವುದಿಲ್ಲ. ಮೇಜಿನ ಮೇಲೆ ನಾಲ್ಕು ಮೂಲೆಗೂ ಟೇಪು ಅಂಟಿಸಿ ಗುರುತು ಮಾಡಿಟ್ಟರೆ ಪ್ರತಿಸಲ ಹೊಂದಿಸುವ ತಾಪತ್ರಯವಿಲ್ಲ.

ಫೋನು ಹಾಳೆಯಿಂದ 30 ಸೆಂ.ಮೀ. ಎತ್ತರದಲ್ಲಿರಲಿ. ಇನ್ನೂ ಕೆಳಗಿಳಿಸಿದರೆ ಕೈಯ ನೆರಳು ಬೀಳುತ್ತದೆ, ಪೆನ್ನಿನ ಹಿಂತುದಿ ತಾಗುತ್ತದೆ. ಬೇಕಾದರೆ ಜೂಮ್ ಹೆಚ್ಚಿಸಿಕೊಳ್ಳಿ. 720ಪಿ (ಚಿತ್ರದ ಎತ್ತರ 720 ಪಿಕ್ಸೆಲ್) ಪ್ರಸಾರಕ್ಕೆ ಅದರಿಂದ ನಷ್ಟ ಕಾಣುವುದಿಲ್ಲ. ಸ್ಟ್ಯಾಂಡು ಯಾವುದೇ ಇರಲಿ, ಅದರ ಬುಡ ಬರೆಯುವ ಮೇಜಿನ ಮೇಲೆ ಇರಬಾರದು. ಕೈ ಊರಿದಾಗಲೆಲ್ಲ ಮೇಜು ಅಲುಗುತ್ತದೆ, ಚಿತ್ರವೂ ಅಲುಗುತ್ತದೆ. ಪಕ್ಕದ ಸ್ಟೂಲಿನ ಮೇಲಿಟ್ಟು, ಬುಡಕ್ಕೆ ಎರಡು ಕಿಲೋ ಭಾರ ಹೇರಿದ ಮೇಲೆ ಆ ತೊಂದರೆ ಹೋಯಿತು.

ಫೋನು ಕ್ಯಾಮೆರಾ ಕೆಳಗಾಗಿ ಮಲಗಿದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ಅದಕ್ಕೆ ತಿಳಿಯದೆ ಚಿತ್ರ ತಿರುಗಿಬಿಡುತ್ತದೆ. ಮೊದಲು ಅಡ್ಡವಾಗಿ ನೆಟ್ಟಗೆ ಹಿಡಿದು, ತಿರುಗುವಿಕೆಯನ್ನು ಲಾಕ್ ಮಾಡಿ, ಆಮೇಲೆ ಮಲಗಿಸಬೇಕು. ಫೋಕಸ್ಸೂ ಹಾಗೆಯೇ: ಕೈ ಅಡ್ಡ ಬಂದಾಗೆಲ್ಲ ಮಸುಕಾಗುತ್ತಿದ್ದರೆ ಅಕ್ಷರದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ. ಬಿಳಿ ಹಾಳೆ ಬೂದು ಬಣ್ಣಕ್ಕೆ ತಿರುಗಿದರೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕು) ಒಂದು ಹಂತ ಏರಿಸಿ. ಪರದೆಯಲ್ಲಿ ಪಟ್ಟೆ ಓಡುತ್ತಿದ್ದರೆ ದೀಪದ ಮಿನುಗುವಿಕೆ ಕಾರಣ: 50 ಹರ್ಟ್ಜ್ ವಿದ್ಯುತ್ತಿದ್ದಲ್ಲಿ ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡು, 60 ಹರ್ಟ್ಜ್ ಇದ್ದಲ್ಲಿ 1/60 ಅಥವಾ 1/120 ಸೆಕೆಂಡು ಇರಲಿ.

ಕೆಂಪು ಪೆನ್ನು ಕೈಬಿಟ್ಟಿದ್ದೇವೆ. ಪ್ರಸಾರದ ವಿಡಿಯೊದಲ್ಲಿ ಸಾಮಾನ್ಯವಾಗಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಉಳಿದರೆ, ಬಣ್ಣದ ವಿವರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿಯುತ್ತದೆ. ತೆಳುವಾದ ಕೆಂಪು ಗೆರೆ ಹಾಗಾಗಿ ಅಂಚು ಕದಡಿ ಕಾಣುತ್ತದೆ. ಕಪ್ಪು ಜೆಲ್ ಪೆನ್ನು, 0.7ರಿಂದ 1 ಮಿ.ಮೀ. ಮೊನೆ, ಇದೇ ಸರಿ. ಒತ್ತಿ ಹೇಳಬೇಕಾದ್ದಕ್ಕೆ ಬಣ್ಣದ ಬದಲು ಚೌಕ ಹಾಕಿ.

ತರಗತಿಗೆ ಜೋಡಿಸುವುದು

ಸುಲಭದ ದಾರಿ ಫೋನನ್ನೇ ಇನ್ನೊಬ್ಬ ಸದಸ್ಯನಾಗಿ ಮೀಟಿಂಗಿಗೆ ಸೇರಿಸುವುದು. ಫೋನಿನ ಮೈಕು ಮಾತ್ರವಲ್ಲ, ಸ್ಪೀಕರನ್ನೂ ಮುಚ್ಚಬೇಕು. ಇಲ್ಲದಿದ್ದರೆ ಕಿವಿ ಕೊರೆಯುವ ಕೀರಲು ಸದ್ದು ಶುರುವಾಗುತ್ತದೆ. ಆದರೆ ಮಾತು ಲ್ಯಾಪ್‌ಟಾಪಿನಿಂದ, ಚಿತ್ರ ಫೋನಿನಿಂದ ಬೇರೆಬೇರೆಯಾಗಿ ಹೋಗುವುದರಿಂದ ಪೆನ್ನು ಮಾತಿಗಿಂತ ಹಿಂದೆ ಬೀಳುತ್ತದೆ. "ಈ ಪದ ನೋಡಿ" ಎಂದಾಗ ಪೆನ್ನು ಆ ಪದದ ಮೇಲೆ ಎರಡು ಸೆಕೆಂಡಾದರೂ ನಿಲ್ಲಲಿ. ಯುಎಸ್‌ಬಿ ಮೂಲಕ ಫೋನನ್ನು ವೆಬ್‌ಕ್ಯಾಮ್ ಆಗಿ ಬಳಸಿದರೆ ಈ ಅಂತರ ಬಹಳ ಕಡಿಮೆಯಾಗುತ್ತದೆ, ಫೋನು ಚಾರ್ಜೂ ಆಗುತ್ತಿರುತ್ತದೆ. ಬಿಸಿಯಾಗಿ ಕ್ಯಾಮೆರಾ ನಿಲ್ಲದಂತೆ ಫೋನಿನ ಕವರು ತೆಗೆದಿಡಿ.

ಧ್ವನಿ ಮತ್ತು ನಿಧಾನ ಇಂಟರ್ನೆಟ್ಟು

ಚಿತ್ರ ಕೆಟ್ಟರೆ ವಿದ್ಯಾರ್ಥಿ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಎದ್ದು ಹೋಗುತ್ತಾರೆ. ಲ್ಯಾಪ್‌ಟಾಪಿನ ಮೈಕಿಗಿಂತ ಬಾಯಿಂದ 15 ಸೆಂ.ಮೀ. ದೂರದ ಸಾದಾ ತಂತಿ ಇಯರ್‌ಫೋನಿನ ಮೈಕೇ ಎಷ್ಟೋ ವಾಸಿ. ಅದು ಕಾಲರಿಗೆ ಉಜ್ಜದಂತೆ ಕ್ಲಿಪ್ಪು ಹಾಕಿ.

ಲೆಕ್ಕ ಹೀಗಿದೆ: ಸೆಕೆಂಡಿಗೆ 300 ಕಿಲೋಬಿಟ್‌ನ ವಿಡಿಯೊ ಗಂಟೆಗೆ 135 ಎಂಬಿ ತಿನ್ನುತ್ತದೆ. ಅದೇ ಪಾಠದ ಮಾತನ್ನು ಮಾತ್ರ ಓಪಸ್ ಎಂಬ, ಧ್ವನಿಯನ್ನು ಕುಗ್ಗಿಸಿಡುವ ರೂಪದಲ್ಲಿ 24 ಕಿಲೋಬಿಟ್‌ಗೆ ಇಳಿಸಿದರೆ ಗಂಟೆಗೆ 11 ಎಂಬಿಗಿಂತ ಕಡಿಮೆ, ಮಾತೂ ಸ್ಪಷ್ಟ. ಆದ್ದರಿಂದ ಪ್ರತಿ ಪಾಠದ ಧ್ವನಿ ಕಡತ ಮತ್ತು ಬರೆದ ಪುಟಗಳ ಪಿಡಿಎಫ್ ಎರಡನ್ನೂ ಅದೇ ದಿನ ಹಂಚುತ್ತೇವೆ. ಇದು ಕೆಲಸ ಮಾಡಬೇಕಾದರೆ ಒಂದು ಶಿಸ್ತು ಬೇಕು. ಪ್ರತಿ ಪುಟದ ಮೂಲೆಯಲ್ಲಿ ಸಂಖ್ಯೆ ಬರೆದು, ಪುಟ ತಿರುವುವಾಗ ಬಾಯಲ್ಲೂ ಹೇಳಬೇಕು: "ಪುಟ ನಾಲ್ಕು, ಸಮೀಕರಣ ಏಳು". "ಇದನ್ನು ಅಲ್ಲಿಗೆ ಹಾಕಿದರೆ" ಎಂಬ ಮಾತು ಬರೀ ಕೇಳುವವರಿಗೆ ಏನೂ ಹೇಳುವುದಿಲ್ಲ. ಈ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ, ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಬಾಕಿ ಇರುವುದು

ಕಿರುಪರೀಕ್ಷೆಗಳನ್ನು ಆನ್‌ಲೈನ್ ಪಾಠ-ಪರೀಕ್ಷೆ ನಡೆಸುವ ತಂತ್ರಾಂಶವಾದ ಮೂಡಲ್‌ಗೆ ಹಾಕುವ ಕೆಲಸ ಅರ್ಧಕ್ಕೆ ಬಂದಿದೆ. ಅದರ ಕ್ಯಾಲ್ಕುಲೇಟೆಡ್ ಮಾದರಿಯ ಪ್ರಶ್ನೆಯಲ್ಲಿ ಬೇರೆಬೇರೆ ವಿದ್ಯಾರ್ಥಿಗಳಿಗೆ ಬೇರೆ ಅಂಕಿಗಳು ಬರುವಂತೆ ಮಾಡಬಹುದು. ಅಂಕಿಗಳ ಮಿತಿಯನ್ನು ನೋಡಿಕೊಂಡು ಕೊಡಬೇಕು, ಇಲ್ಲದಿದ್ದರೆ ಯಾರಿಗೋ ವರ್ಗಮೂಲದ ಒಳಗೆ ಋಣಸಂಖ್ಯೆ ಬಂದು ಕೂರುತ್ತದೆ. ಉತ್ತರಕ್ಕೆ ಶೇ. 1ರಷ್ಟು ಹೆಚ್ಚುಕಡಿಮೆಗೆ ಅವಕಾಶ ಇಟ್ಟಿದ್ದೇವೆ: ಉತ್ತರವನ್ನು ಮೂರು ಸಾರ್ಥಕ ಅಂಕಿಗಳಿಗೆ ಅಂದಾಜಿಸಿದರೆ (12.34 ಅನ್ನು 12.3 ಎಂದು ಬರೆದಂತೆ) ಅರ್ಧ ಶೇಕಡದವರೆಗೆ ವ್ಯತ್ಯಾಸ ಬರಬಹುದು, ಸರಿಯಾಗಿ ಬಿಡಿಸಿದವರು ಅದರಿಂದ ಅಂಕ ಕಳೆದುಕೊಳ್ಳಬಾರದು. ನಡುವಿನ ಹಂತಗಳಲ್ಲೂ ಅಂದಾಜಿಸುತ್ತಾ ಹೋಗುವ ಉದ್ದನೆಯ ಲೆಕ್ಕಗಳಿಗೆ ಈ ಒಂದು ಶೇಕಡವೂ ಸಾಲದು. ಅಂಥವನ್ನು ಎರಡು ಭಾಗವಾಗಿ ಒಡೆದು ಹೊಸದಾಗಿ ಬರೆಯುವುದು ಮುಂದಿನ ಕೆಲಸ.