ಇನ್‌ಸ್ಟಾಲರ್ ಮುಂದೆ ಅಪ್ಪಯ್ಯ

ಶಿರಸಿಯಲ್ಲಿ ನಿನ್ನೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಅಪ್ಪಯ್ಯನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ (ವಿಂಡೋಸ್ ಥರದ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಲು ಕೂತೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಂಡಿದ್ದೇ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ಪ್ರತಿ ಪರದೆಗೂ, "ಇದು ಎಂತ ಕೇಳ್ತಾ ಇದ್ದು, ತಮಾ?"

ಡಿಸ್ಕ್ ಹಂಚುವಲ್ಲಿ ಬಹಳ ಹೊತ್ತು ನಿಂತೆವು. ಎಲ್ಲವನ್ನೂ ಒಂದೇ ಪಾರ್ಟಿಶನ್ನಿನಲ್ಲಿ (ಡಿಸ್ಕಿನ ಒಂದೇ ಭಾಗದಲ್ಲಿ) ಇಡಿ ಅಂತ ಹೊಸಬರಿಗೆ ಇನ್‌ಸ್ಟಾಲರ್ ಶಿಫಾರಸು ಮಾಡುತ್ತದೆ. ನಾನು ಹೋಮ್, ಅಂದರೆ ನಮ್ಮ ಸ್ವಂತ ಫೈಲುಗಳ ಜಾಗ, ಬೇರೆ ಇಡುವ ಆಯ್ಕೆ ಒತ್ತಿದೆ. ಅಡಿಕೆ ಲೆಕ್ಕ, ಮೊಮ್ಮಕ್ಕಳ ಫೋಟೋ ಎಲ್ಲ ಅಲ್ಲೇ ಇರುತ್ತವೆ. ಮುಂದೆ ಸಿಸ್ಟಮ್ ಮತ್ತೆ ಹಾಕುವಾಗ ಆ ಭಾಗವನ್ನು ಫಾರ್ಮ್ಯಾಟ್ ಮಾಡದಿದ್ದರೆ ಆಯಿತು. "ಅಟ್ಟದ ಅಡಿಕೆ ಮುಟ್ಟದೇ ಜಗಲಿ ನೆಲ ಮಾಡ್ಸಿದಾಂಗೆ" ಅಂದರು. ಇಷ್ಟು ಚೆಂದ ಹೇಳಲು ನನಗೆ ಯಾವತ್ತೂ ಬಂದಿರಲಿಲ್ಲ.

ಎನ್‌ಕ್ರಿಪ್ಶನ್, ಅಂದರೆ ಡಿಸ್ಕಿಗೆ ಪಾಸ್‌ವರ್ಡಿನ ಬೀಗ, ಬೇಡ ಅಂದೆವು. ಪಾಸ್‌ವರ್ಡ್ ಮರೆತರೆ ಲೆಕ್ಕವೆಲ್ಲ ಹೋದ ಹಾಗೆಯೇ. ರೂಟ್ (ಸಿಸ್ಟಮ್ಮಿನ ಮುಖ್ಯ ಆಡಳಿತ ಖಾತೆ) ಪಾಸ್‌ವರ್ಡ್ ಖಾಲಿ ಬಿಟ್ಟೆ, ಆಗ ಮೊದಲ ಬಳಕೆದಾರನಿಗೇ ಸುಡೊ, ಅಂದರೆ ಆಡಳಿತದ ಕೆಲಸ ಮಾಡುವ ಅಧಿಕಾರ, ಸಿಗುತ್ತದೆ.

ಕೊನೆಗೆ, ಯಾವ ಪ್ಯಾಕೇಜ್ (ಸಾಫ್ಟ್‌ವೇರ್) ಬಳಸುತ್ತೀರಿ ಎಂಬ ಮಾಹಿತಿ ಹೆಸರಿಲ್ಲದೆ ಡೆಬಿಯನ್ ಮಾಡುವವರಿಗೆ ಕಳಿಸಬಹುದೇ ಎಂಬ ಪ್ರಶ್ನೆ. 'ಇಲ್ಲ' ಎಂಬುದೇ ಮೊದಲೇ ಆಯ್ಕೆಯಾಗಿತ್ತು. ಕೇಳಿಯೇ ಮುಂದುವರಿಯುವ, ಬೇಡ ಅನ್ನುವವರಿಗೆ ದಾರಿ ಸುಲಭ ಮಾಡಿಡುವ ಈ ಮರ್ಯಾದೆ ನನಗೆ ಬಹಳ ಇಷ್ಟ. ಅಪ್ಪಯ್ಯ ಮಾತ್ರ "ಕಳ್ಸು, ಅವಕ್ಕೂ ಉಪಕಾರ ಆಗ್ಲಿ" ಅಂದರು. 'ಹೌದು' ಒತ್ತಿದೆ.

ಈಗ ಡೆಸ್ಕ್‌ಟಾಪ್ ಇಳಿಯುತ್ತಾ ಇದೆ. ಆಯಿ ಕಷಾಯ ತಂದಿಟ್ಟಿದ್ದಾಳೆ.